ಖಂಡೇ ಪೂಜೆಗೆ ಕುಳಿತ ಇಂಜಿನ್

ವಿಜಯವಾಡದ ನಮ್ಮ ಬಾಡಿಗೆ ಮನೆಯಲ್ಲಿ ಇಡ್ಲಿ ಪಾತ್ರೆಗಳು ಎರಡಿದ್ದವು. ಒಂದರಲ್ಲಿ ಇಡ್ಲಿ ಬೇಯುತ್ತಿತ್ತು, ಇನ್ನೊಂದರಲ್ಲಿ ಪಿಸ್ಟನ್. ಎರಡನೆಯದೂ ಮೊದಲು ಇಡ್ಲಿಯದೇ ಆಗಿತ್ತು. ಒಂದು ಭಾನುವಾರ ಅಪ್ಪ ಯಾರನ್ನೂ ಕೇಳದೆ ಅದರಲ್ಲಿ ನೀರು ಕಾಯಿಸಿ, ತನ್ನ ಹಳೆಯ ಮೋಟರ್ ಸೈಕಲ್ಲಿನ ಪಿಸ್ಟನ್ನನ್ನು ಮುಳುಗಿಸಿಟ್ಟಿದ್ದ. ಅವ್ವ ಹಿಟ್ಟಿನ ಬೋಗುಣಿ ಹಿಡಿದು ಬಂದು ಮುಚ್ಚಳ ತೆಗೆದಳು. ಒಳಗೆ ಲೋಟದಷ್ಟು ದೊಡ್ಡ ಲೋಹದ ತುಂಡೊಂದು ಗುಳುಗುಳು ಸದ್ದು ಮಾಡುತ್ತಿತ್ತು.

“ಏನ್ರೀ ಇದು? ಇವತ್ತ ನಾಷ್ಟಾಕ್ಕ ಕಬ್ಬಿಣ ಏನು?”

“ಕಬ್ಬಿಣ ಅಲ್ಲ ಅದು, ಅಲ್ಯುಮಿನಿಯಂ.”

“ಹಂಗಾರ ನೀವಽ ತಿನ್ರಿ. ನಾ ಮತ್ತ ಮಗಳು ಚುರುಮುರಿ ತಿಂತೀವಿ.”

ಅವತ್ತು ನಾವು ನಿಜಕ್ಕೂ ಚುರುಮುರಿ ತಿಂದೆವು. ಪಾತ್ರೆ ಅಡುಗೆಮನೆಯಿಂದ ಗಡೀಪಾರಾಗಿ ಹಿಂದಿನ ವರಾಂಡ ಸೇರಿತು. ಆ ಮನೆ ಮೂರು ಕೋಣೆಗಳ ಒಂದೇ ಸಾಲು. ಮುಂಬಾಗಿಲಲ್ಲಿ ನಿಂತರೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ಕಾಣುತ್ತಿತ್ತು. ನಡುಕೋಣೆಯಲ್ಲಿ ದೇವರು, ನನ್ನ ಪುಸ್ತಕ, ಅಕ್ಕಿ ಡಬ್ಬಿ. ಗದಗಿನಿಂದ ಬರುತ್ತಿದ್ದ ಜೋಳದ ಹಿಟ್ಟಿನ ಚೀಲವನ್ನು ಅವ್ವ ತನ್ನ ಮಂಚದ ಕೆಳಗೇ ಇಟ್ಟುಕೊಳ್ಳುತ್ತಿದ್ದಳು, ಯಾರೋ ಕದ್ದೊಯ್ಯುತ್ತಾರೆ ಎಂಬಂತೆ. ಹಿಂದಿನ ವರಾಂಡ ಮಾತ್ರ ಅಪ್ಪನದು. ಅಲ್ಲಿ ಆ ಗಾಡಿ ಬಿಚ್ಚಿಕೊಂಡು ಕುಳಿತಿತ್ತು. ರೊಟ್ಟಿ ಸುಡುವ ವಾಸನೆ ಮತ್ತು ಸೀಮೆಎಣ್ಣೆಯ ವಾಸನೆ ನಡುಕೋಣೆಯಲ್ಲಿ ಸೇರುತ್ತಿದ್ದವು. ಈಗಲೂ ಎಲ್ಲಾದರೂ ಅವೆರಡೂ ಒಟ್ಟಿಗೆ ಮೂಗಿಗೆ ಬಿದ್ದರೆ ನನಗೆ ಹಸಿವಾಗುತ್ತದೆ.

ಅಪ್ಪ ಬ್ಯಾಂಕಿನ ಅಧಿಕಾರಿ. ವರ್ಗವಾದಲ್ಲಿಗೆ ಹೋಗುವವನು. ವಿಜಯವಾಡಕ್ಕೆ ಮೊದಲು ನಾವು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿದ್ದೆವು. ಆ ಗಾಡಿ ಸಿಕ್ಕಿದ್ದೂ ಅಲ್ಲೇ. ನೌಕಾಪಡೆಯಿಂದ ನಿವೃತ್ತರಾಗಿ ಬೆಳಗಾವಿ ಕಡೆಗೆ ಹೊರಟ ಒಬ್ಬರು, ‘ಕನ್ನಡದವರ ಮನೆಯಲ್ಲಿರಲಿ’ ಎಂದು ಅಪ್ಪನಿಗೆ ಒಪ್ಪಿಸಿದ್ದರು. ಇಂಗ್ಲಿಷರ ಕಾಲದ ಗಾಡಿ, ಒಂದೇ ಸಿಲಿಂಡರ್. ಗಾಡಿ ಕನ್ನಡದವರ ಮನೆಯಲ್ಲಿ ಇತ್ತು, ಅಷ್ಟೇ, ಓಡಲಿಲ್ಲ. ವರ್ಗವಾದಾಗ ಗೋಣಿಚೀಲ ಹೊದ್ದು ಗೂಡ್ಸ್ ರೈಲಿನಲ್ಲಿ ನಮ್ಮ ಹಿಂದೆ ಬಂತು. ನಾನು ಅಷ್ಟರಲ್ಲಿ ಪಕ್ಕಾ ತೆಲುಗಿನ ಹುಡುಗಿಯಾಗಿದ್ದೆ. ಜಗಳ, ಲೆಕ್ಕ, ಕನಸು ಎಲ್ಲ ತೆಲುಗಿನಲ್ಲಿ. ಕನ್ನಡ ಏನಿದ್ದರೂ ಹೊಸ್ತಿಲ ಒಳಗೆ. ಅಪ್ಪನ ತೆಲುಗು ‘ಇಲ್ಲಿ ಸಹಿ ಹಾಕಿ, ನಾಳೆ ಬನ್ನಿ’ ಎಂಬಲ್ಲಿಗೆ ನಿಂತಿತ್ತು. ಕೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು, ಹೇಳಬೇಕಾದದ್ದು ಮಾತ್ರ ಒರಟಾಗಿ ಬರುತ್ತಿತ್ತು. ಹಾಗಾಗಿ ಮನೆಗೆ ಯಾರು ಬಂದರೂ ದುಭಾಷಿ ನಾನೇ. ಹನ್ನೊಂದರ ವಯಸ್ಸಿಗೆ ಆ ಹುದ್ದೆಯಿಂದ ನನಗೆ ಸ್ವಲ್ಪ ಜಂಬವೂ ಬಂದಿತ್ತು.

ಕೋಟಯ್ಯ ಗಾರು, ಅಂದರೆ ಕೋಟಯ್ಯನವರು, ನಮ್ಮ ಮನೆಗೆ ಬರತೊಡಗಿದ್ದು ಹೀಗೆ. ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಬ್ಯಾಂಕಿಗೆ ಬಂದಾಗ ಅಪ್ಪನ ಉಗುರಿನ ಸಂದಿಯ ಗ್ರೀಸ್ ನೋಡಿ, ‘ಯಾವ ಇಂಜಿನ್ ಸಾರ್?’ ಎಂದು ಕೇಳಿದರಂತೆ. ಮುಂದಿನ ಭಾನುವಾರವೇ ಬಸ್ಸು ಹಿಡಿದು ಬಂದರು. ತೆಳ್ಳಗೆ, ಎತ್ತರಕ್ಕೆ, ಬಿಳಿ ಅರ್ಧತೋಳಿನ ಅಂಗಿ. ಕೆಲಸ ಮಾಡುವಾಗಲೂ ಆ ಅಂಗಿಗೆ ಕಲೆಯಾಗುತ್ತಿರಲಿಲ್ಲ. ಅವ್ವನಿಗೆ ಅವರ ಮೇಲೆ ಗೌರವ ಹುಟ್ಟಿದ್ದು ಅದಕ್ಕೇ. ಅಪ್ಪನನ್ನು ತೋರಿಸಿ, ‘ಇವರಿಗೂ ಅದನ್ನಷ್ಟು ಕಲಿಸ್ರಿ ಅಂತ ಹೇಳು’ ಎಂದು ನನ್ನಿಂದ ತೆಲುಗಿಗೆ ಹಾಕಿಸುತ್ತಿದ್ದಳು. ಅವರು ನಕ್ಕು, ಅವ್ವನ ಜೋಳದ ರೊಟ್ಟಿಗೆ ತಮ್ಮ ಮನೆಯ ಗೋಂಗೂರ ಚಟ್ನಿ ಹಚ್ಚಿಕೊಂಡು ಉಣ್ಣುತ್ತಿದ್ದರು.

ಪಿಸ್ಟನ್ ಕೂಡಿಸುವುದು ಅವಸರದ ಕೆಲಸವಲ್ಲ ಎಂದು ನನಗೆ ಕಲಿಸಿದವರು ಅವರೇ. ಸಿಲಿಂಡರನ್ನು ಆಟೋನಗರದ ವರ್ಕ್‌ಶಾಪಿನಲ್ಲಿ ಕೊರೆಸಿ ತಂದಿದ್ದರು. ಹೊಸ ಪಿಸ್ಟನ್, ಅದರ ಸುತ್ತ ಬಳೆಯಂತೆ ಕೂರುವ ಹೊಸ ರಿಂಗು. ಒಂದೊಂದೇ ರಿಂಗನ್ನು ಬರೀ ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ನೇರವಾಗಿ ಒಳತಳ್ಳಿ, ಅದರ ಎರಡು ತುದಿಗಳ ನಡುವಿನ ಸಂದಿಯಲ್ಲಿ ತೆಳು ಉಕ್ಕಿನ ಎಲೆ ತೂರಿಸಿ ನೋಡುತ್ತಿದ್ದರು. ಎಲೆ ಬಿಗಿಯಾದರೆ ರಿಂಗಿನ ತುದಿಯನ್ನು ಅರದಿಂದ ಎರಡೇ ಸಲ ತಿಕ್ಕುವುದು, ಮತ್ತೆ ನೋಡುವುದು. ಇಂಜಿನ್ ಕಾದಾಗ ರಿಂಗು ಹಿಗ್ಗುತ್ತದೆ, ಅದಕ್ಕೆ ಜಾಗವಿಲ್ಲದಿದ್ದರೆ ಮುರಿಯುತ್ತದೆ ಎನ್ನುತ್ತಿದ್ದರು. ಆಮೇಲೆ ಪಿಸ್ಟನ್ನನ್ನು ಬಿಸಿನೀರಲ್ಲಿ ಹಿಗ್ಗಿಸಿ, ಇಂಜಿನ್ನಿನಿಂದ ಮೇಲೆ ಚಾಚಿರುವ ರಾಡಿನ ತಲೆಗೆ ಹೊಂದಿಸಿ, ಎರಡನ್ನೂ ಹಿಡಿದಿಡುವ ಪಿನ್ನನ್ನು ಸುತ್ತಿಗೆ ಮುಟ್ಟದೆ ಬರೀ ಹೆಬ್ಬೆರಳಿಂದ ಒಳಗೆ ತಳ್ಳಬೇಕು. ಪಿನ್ನು ಆಚೀಚೆ ಜಾರದಂತೆ ಎರಡೂ ಬದಿಗೆ ಒಂದೊಂದು ಲಾಕು. ಲಾಕು ಎಂದರೆ ಮೂಗುತಿಯಷ್ಟು ಸಣ್ಣ, ಬಾಗಿದ ಉಕ್ಕಿನ ತಂತಿ. ರಿಂಗುಗಳ ಸಂದಿ ಒಂದರ ಮೇಲೊಂದು ಬಾರದಂತೆ ತಿರುಗಿಸಿಟ್ಟು, ಹಾಲಿನ ಪುಡಿಯ ಡಬ್ಬಿ ಕತ್ತರಿಸಿ ಅವರೇ ಮಾಡಿದ ತಗಡಿನ ಪಟ್ಟಿಯಿಂದ ರಿಂಗುಗಳನ್ನು ಅದುಮಿ, ಮೇಲಿನಿಂದ ಸಿಲಿಂಡರ್ ಇಳಿಸುವುದು. ಅದು ಇಳಿದಂತೆ ಪಟ್ಟಿ ತಾನಾಗಿ ಕೆಳಗೆ ಜಾರುತ್ತದೆ. ಅಷ್ಟೇ. ಅಷ್ಟಕ್ಕೆ ನಾಲ್ಕು ಭಾನುವಾರ.

ಇಷ್ಟೆಲ್ಲದರಲ್ಲಿ ಅವರು ದನಿ ಏರಿಸಿ ಹೇಳಿದ ನಿಯಮ ಒಂದೇ. ಸಿಲಿಂಡರ್ ಎತ್ತಿದಾಗ ಇಂಜಿನ್ನಿನ ಹೊಟ್ಟೆ ಬಾಯಿ ತೆರೆದುಕೊಂಡಿರುತ್ತದೆ. ಆ ಬಾಯಿಗೆ ಸದಾ ಬಟ್ಟೆ ತುರುಕಿರಬೇಕು. ಒಂದು ತುಣುಕು ಉಕ್ಕು ಒಳಗೆ ಬಿದ್ದು, ಗೊತ್ತಾಗದೆ ಇಂಜಿನ್ ತಿರುಗಿಸಿದರೆ ಮುಗಿಯಿತು, ಒಳಗಿನದೆಲ್ಲ ಪುಡಿ. ನೂಲೆಳೆ ಬಿಡದ ಬಟ್ಟೆ ಬೇಕೆಂದು ಅವ್ವ ತನ್ನ ಹರಿದ ಮಂಗಳಗಿರಿ ಸೀರೆಯ ಸೆರಗು ಕೊಟ್ಟಿದ್ದಳು. ಈಗ ಹಳೆಯ ಗಾಡಿ ಕಟ್ಟುವವರ ವಿಡಿಯೊಗಳನ್ನು ನಾನು ಮೊಬೈಲಿನಲ್ಲಿ ನೋಡುತ್ತಿರುತ್ತೇನೆ. ರಿಂಗು ಅದುಮುವ ಸಾಧನ ಈಗ ಚಂದದ ಪೆಟ್ಟಿಗೆಯಲ್ಲಿ ಮನೆಬಾಗಿಲಿಗೆ ಬರುತ್ತದೆ. ಆದರೆ ಯಾರಾದರೂ ಬಾಯಿಗೆ ಬಟ್ಟೆ ಹಾಕದೆ ಲಾಕು ಕೈಗೆತ್ತಿಕೊಂಡರೆ ನನಗೆ ಮುಂದೆ ನೋಡಲಾಗುವುದಿಲ್ಲ, ಎದ್ದು ಹೋಗಿ ನೀರು ಕುಡಿದು ಬರುತ್ತೇನೆ.

ಆ ವರ್ಷ ಪಿಸ್ಟನ್ ಕೂಡಿಸುವ ದಿನವೂ ಖಂಡೇ ಪೂಜೆಯ ದಿನವೂ ಒಂದೇ ಆಯಿತು. ನಮ್ಮ ಗದಗಿನ ಕಡೆ ಮಹಾನವಮಿಗೆ ಮನೆಯ ಕೊಡಲಿ, ಕುಡಗೋಲು, ತಕ್ಕಡಿ ಎಲ್ಲವನ್ನೂ ತೊಳೆದು ಪೂಜೆಗೆ ಇಡುತ್ತಾರೆ. ಬ್ಯಾಂಕಿನವನ ಮನೆಯಲ್ಲಿ ಕೊಡಲಿ ಎಲ್ಲಿಂದ ಬರಬೇಕು? ಅಪ್ಪ ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಇಂಜಿನ್ನಿನ ಮುಂದೆ ಸಾಲಾಗಿ ಜೋಡಿಸಿ, ಎಲ್ಲಕ್ಕೂ ವಿಭೂತಿ ಎಳೆದ. ಮಧ್ಯಾಹ್ನ ಕೋಟಯ್ಯ ಗಾರು ಬರುವವರಿದ್ದರು. ಅವ್ವ ಆರತಿ ತಟ್ಟೆ ಹಿಡಿದು ಬಂದವಳು ಇಂಜಿನ್ನಿನ ಬಾಯಲ್ಲಿದ್ದ ಎಣ್ಣೆ ಹಿಡಿದ ಬಟ್ಟೆ ನೋಡಿ ಮುಖ ಗಂಟಿಕ್ಕಿದಳು.

“ದೇವರಂತ ಕುಂದರಿಸೀರಿ, ಬಾಯಾಗ ಹೊಲಸು ಅರಬಿ ತುರುಕೀರಲ್ಲ!”

ಅಪ್ಪ ಗಂಟೆ ತರಲು ಒಳಗೆ ಹೋಗಿದ್ದ. ನಾನು ಬಟ್ಟೆ ಎಳೆದು ತೆಗೆದೆ. ಬರೀ ಬಾಯಿ ಬಿಟ್ಟರೆ ಸರಿಯಲ್ಲವೆಂದು ರಾಡಿನ ಪಕ್ಕ ದೊಡ್ಡದೊಂದು ವೀಳ್ಯದೆಲೆ ಮುಚ್ಚಿದೆ. ಎಲೆ ಬರಿದಾಗಿ ಕಂಡಿತು. ಬಿಡಿಭಾಗಗಳ ಡಬ್ಬಿಯಲ್ಲಿದ್ದ ಎರಡು ಹೊಸ ಲಾಕುಗಳನ್ನು ತಂದು ಅದರ ಮೇಲಿಟ್ಟು, ಪಕ್ಕದಲ್ಲಿ ಸೇವಂತಿಗೆ ಇಟ್ಟೆ. ತುಂಬ ಚಂದ ಕಂಡಿತು. ಅಪ್ಪನಿಗೂ ಚಂದ ಕಂಡಿರಬೇಕು, ಎರಡೂ ಲಾಕಿಗೆ ಕುಂಕುಮ ಮುಟ್ಟಿಸಿದ. ಎಲೆಯ ಕೆಳಗೆ ಬಟ್ಟೆ ಇದೆಯೆಂದೇ ಅವನು ತಿಳಿದಿದ್ದ. ಗಂಟೆ ಬಾರಿಸುತ್ತ ಅಕ್ಷತೆ ಹಾಕಿದ. ಕಾಳು ಬಿದ್ದು ಎಲೆ ವಾಲಿತು. ಒಂದು ಲಾಕು ಜಾರಿ ಒಳಗೆ ಹೋಯಿತು. ಗಂಟೆಯ ಸದ್ದಿನ ನಡುವೆ ಟಿಣ್ ಎಂದದ್ದು ನನಗೊಬ್ಬಳಿಗೇ ಕೇಳಿತು. ಪೂಜೆ ಮುಗಿದು ಇಬ್ಬರೂ ಒಳಗೆ ಹೋದ ಮೇಲೆ ಉಳಿದ ಒಂದು ಲಾಕನ್ನು ಡಬ್ಬಿಗೆ ಹಾಕಿ, ಬಟ್ಟೆಯನ್ನು ಮೊದಲಿನಂತೆ ತುರುಕಿ, ಹೋಳಿಗೆ ತಿನ್ನಲು ಕುಳಿತೆ. ಎರಡು ಹೋಳಿಗೆ ತಿಂದೆ. ಹೇಗೆ ತಿಂದೆನೋ, ಇವತ್ತಿಗೂ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಕೋಟಯ್ಯ ಗಾರು ಬಂದರು. ಡಬ್ಬಿ ತೆರೆದರು. ಬೆರಳಾಡಿಸಿ ನೋಡಿದರು.

“ಸಾರ್, ಒಂದೇ ಇದೆ.”

“ಎರಡಿತ್ತು. ಬೆಳಿಗ್ಗೆ ನನ್ನ ಕೈಯಾರೆ ಕುಂಕುಮ ಹಚ್ಚಿದ್ದೇನೆ,” ಎಂದು ಅಪ್ಪ ತನ್ನ ತೆಲುಗಿನಲ್ಲಿ ಹೇಳಿದ.

ಹುಡುಕಿದರು. ಅಯಸ್ಕಾಂತ ಹಿಡಿದು ವರಾಂಡವನ್ನೆಲ್ಲ ಗುಡಿಸಿದರು. ಅವ್ವ ಗೋಣಿಚೀಲಗಳನ್ನು ಕೊಡವಿದಳು. ನಾನೂ ಹುಡುಕಿದೆ! ಮಂಡಿಯೂರಿ, ಕಣ್ಣರಳಿಸಿ, ಇಲ್ಲವೆಂದು ಗೊತ್ತಿರುವ ಜಾಗದಲ್ಲೆಲ್ಲ ಹುಡುಕಿದೆ. ಹಬ್ಬ, ಅಂಗಡಿಗಳು ಮುಚ್ಚಿದ್ದವು, ಹೊಸ ಲಾಕು ಸಿಗುವಂತಿರಲಿಲ್ಲ. ಅಪ್ಪನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ನಾಲ್ಕು ಭಾನುವಾರ ಕಾದವನ ತಾಳ್ಮೆ ಅಷ್ಟರಲ್ಲಿ ಮುಗಿಯಿತು.

“ಡಬ್ಬಿ ತೆರೆದವರು ನೀವು. ನಿಮ್ಮ ಕೈ ನಡುಗುತ್ತದೆ. ಎಲ್ಲೋ ಬೀಳಿಸಿದ್ದೀರಿ.”

ಆ ಮೂರು ವಾಕ್ಯಗಳಿಗೆ ದುಭಾಷಿ ಬೇಕಾಗಲಿಲ್ಲ. ಕೋಟಯ್ಯ ಗಾರು ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. ನನ್ನ ಕಡೆ ತಿರುಗಿ, “ಗಂಗಮ್ಮಾ, ನಾನು ತೆರೆದಾಗ ನೀನು ಇಲ್ಲೇ ಇದ್ದೆ. ಬೀಳುವುದನ್ನು ನೋಡಿದೆಯಾ?” ಎಂದು ಕೇಳಿದರು. ಅದು ಜಗಳದ ಪ್ರಶ್ನೆಯಲ್ಲ. ತಿಳಿಯಬೇಕೆಂದು ಕೇಳಿದ ಪ್ರಶ್ನೆ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಕೈ ಒರೆಸಿಕೊಂಡು, ತಮ್ಮ ಚೀಲ ಎತ್ತಿಕೊಂಡು, ಅವ್ವನಿಗೆ ನಮಸ್ಕಾರ ಹೇಳಿ ಹೊರಟರು. ಹೋಳಿಗೆ ಮುಟ್ಟಲಿಲ್ಲ. ನಾನು ಹೇಡಿ. ಬೇರೆ ಹೆಸರಿಟ್ಟು ಅದನ್ನು ಮೆತ್ತಗೆ ಮಾಡುವ ಆಸೆ ನನಗಿಲ್ಲ.

ಮರುದಿನ ದಶಮಿ, ಅಪ್ಪನಿಗೆ ರಜೆ. ಸಿಟ್ಟು ಇಳಿದಿರಲಿಲ್ಲ, ಹಟವಾಗಿ ಬೆಳೆದಿತ್ತು. ಬಿಚ್ಚಿ ಎಸೆದಿದ್ದ ಹಳೆಯ ಲಾಕೊಂದನ್ನು ಹುಡುಕಿ ತಂದ. ಒಮ್ಮೆ ತೆಗೆದ ಲಾಕನ್ನು ಮತ್ತೆ ಹಾಕಬಾರದು, ಅದರ ಬಿಗಿ ಹೋಗಿರುತ್ತದೆ ಎಂದು ಕೋಟಯ್ಯ ಗಾರು ಹೇಳಿದ್ದು ಅವನಿಗೂ ಗೊತ್ತಿತ್ತು. ಪಾತ್ರೆಯಲ್ಲಿ ನೀರು ಕುದಿಯಲು ಇಟ್ಟ. ಪಿಸ್ಟನ್ ಬಿಸಿಯಾಗುತ್ತಿತ್ತು. ರಾಡನ್ನು ಮೇಲಕ್ಕೆ ತರಬೇಕಿತ್ತು. ಅದಕ್ಕೆ ಇಂಜಿನ್ನನ್ನು ಒಂದು ಸುತ್ತಾದರೂ ತಿರುಗಿಸಬೇಕು. ಅಪ್ಪ ಬಾಯಲ್ಲಿದ್ದ ಬಟ್ಟೆ ತೆಗೆದು ಬದಿಗಿಟ್ಟು ಸ್ಪ್ಯಾನರ್ ಹಿಡಿದ. ನಾನು ಹೋಗಿ ಆ ಬಾಯಿಯ ಮೇಲೆ ಅಂಗೈ ಊರಿದೆ.

“ಕೈ ತಗಿ ಗಂಗಾ, ಬೆರಳು ಸಿಗತಾವು.”

“ಅಪ್ಪಾ, ಒಳಗ ಐತಿ.”

“ಏನ್ ಐತಿ?”

“ಲಾಕು. ನಿನ್ನಿ ಪೂಜ್ಯಾಗ ಎಲಿ ಮ್ಯಾಲ ಇಟ್ಟಿದ್ದೆ. ಕೆಳಗ ಅರಬಿ ಇದ್ದಿದ್ದಿಲ್ಲ. ನಾನಽ ತಗದಿದ್ದೆ.”

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಸುಲಭವಾಗುತ್ತಿತ್ತು. ಅಪ್ಪ ಸ್ಪ್ಯಾನರ್ ಕೆಳಗಿಟ್ಟ. ಸ್ಟವ್ ಆರಿಸಿದ. ಆಮೇಲೆ ನೆಲದ ಮೇಲೆಯೇ ಕುಳಿತುಬಿಟ್ಟ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿಗೆ ಕೈ ಒರೆಸುತ್ತ, “ಹೊಲಸು ಅರಬಿ ಅಂತ ಅಂದಾಕಿ ನಾನು. ಆಕಿಗೊಬ್ಬಾಕಿಗೇ ಬೈಬ್ಯಾಡ್ರಿ,” ಎಂದಳು. ಅಪ್ಪ ಯಾರಿಗೂ ಬೈಯಲಿಲ್ಲ.

“ಆ ಮನಷ್ಯಾಗ ನಾ ಏನಂದುಬಿಟ್ಟೆ,” ಎಂದ, ಯಾರಿಗೂ ಅಲ್ಲದಂತೆ. ಆಮೇಲೆ ಎದ್ದು, “ಚಪ್ಪಲಿ ಮೆಟ್ಟು. ಹೋಗೂಣು,” ಎಂದ.

ದಶಮಿಯ ಸಂಜೆ ನಮ್ಮ ಕಡೆಯವರು ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎಂದು ಹೇಳಿ ಬರುತ್ತಾರೆ. ಅವ್ವ ಒಂದು ಹಿಡಿ ಬನ್ನಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಟ್ಟಳು, ಜೊತೆಗೆ ಹೋಳಿಗೆಯ ಡಬ್ಬಿ. ಇಬ್ರಾಹಿಂಪಟ್ನಂ ಬಸ್ಸಿನಲ್ಲಿ ಹಬ್ಬದ ನೂಕುನುಗ್ಗಲು. ಸ್ಥಾವರದ ಚಿಮಣಿಗಳು ಕಂಡಾಗ ಅಪ್ಪ ನನ್ನ ಕಿವಿಯ ಹತ್ತಿರ ಬಾಗಿದ.

“ನನ್ನ ತೆಲುಗು ಕೇಳಿದರ ಅವರಿಗೆ ಮತ್ತ ಸಿಟ್ಟು ಬರತೈತಿ. ನಾ ಹೇಳಿದ್ದನ್ನ ನೀ ಛಂದಾಗಿ ಹೇಳು.”

“ಏನಂತ ಹೇಳ್ಲಿ?”

“ಲಾಕು ನಮ್ಮಪ್ಪನಽ ಬೀಳಿಸಿದ್ದ, ಮರತಿದ್ದ ಅಂತ ಹೇಳು.”

“ಆದರ ಅಪ್ಪಾ...”

“ಹೇಳಿದಷ್ಟು ಹೇಳವ್ವಾ. ಅವರ ಕಣ್ಣಾಗ ನೀ ಸಣ್ಣಾಕಿ ಆಗೂದು ಬ್ಯಾಡ.”

ಅಪ್ಪ ಯಾರ ಹತ್ತಿರವೂ ತಪ್ಪೊಪ್ಪಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಅಂಥವನು ತಾನು ಮಾಡದ ತಪ್ಪನ್ನು ಹೊತ್ತುಕೊಳ್ಳಲು ಬಸ್ಸಿನಲ್ಲಿ ನಿಂತುಕೊಂಡು ಹೊರಟಿದ್ದ. ನನಗೆ ಅವನ ಮೇಲೆ ಹಿಂದೆಂದೂ ಇಲ್ಲದಷ್ಟು ಪ್ರೀತಿ ಬಂತು, ಅದರ ಹಿಂದೆಯೇ ಅಳುವೂ ಬಂತು.

ಕೋಟಯ್ಯ ಗಾರು ಮನೆಯ ಮುಂದೆ ನವಾರದ ಮಂಚದ ಮೇಲೆ ಕುಳಿತಿದ್ದರು. ನಮ್ಮನ್ನು ನೋಡಿ ಎದ್ದು ನಿಂತರು, ಕುರ್ಚಿ ತರಿಸಿದರು; ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ, ನಗು ಮಾತ್ರ ಇರಲಿಲ್ಲ. ಅಪ್ಪ ಕುರ್ಚಿಯಲ್ಲಿ ಕೂರದೆ, ಅವರ ಕೈಗೆ ಬನ್ನಿ ಕೊಟ್ಟು ಕನ್ನಡದಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ನನ್ನ ಮುಖ ನೋಡಿದ. ಅವರೂ ನನ್ನ ಮುಖ ನೋಡಿದರು. ಇಬ್ಬರೂ ದುಭಾಷಿಗೆ ಕಾಯುತ್ತಿದ್ದರು. ಅಪ್ಪ ಹೇಳಿಕೊಟ್ಟ ಮಾತು ಬಾಯಲ್ಲಿ ಸಿದ್ಧವಾಗಿತ್ತು. ತೆಲುಗಿನಲ್ಲಿ ನಾನು ಬೇರೆಯದನ್ನೇ ಹೇಳಿದೆ.

“ನಮ್ಮಪ್ಪ ನನಗೋಸ್ಕರ ಸುಳ್ಳು ಹೇಳುತ್ತಿದ್ದಾರೆ ಮಾಮಯ್ಯಗಾರೂ. ಬೀಳಿಸಿದವಳು ನಾನು. ಬಟ್ಟೆ ತೆಗೆದವಳೂ ನಾನು. ನೀವು ಕೇಳಿದಾಗ ಗೊತ್ತಿದ್ದೂ ಇಲ್ಲ ಅಂದೆ.”

ಅಪ್ಪನಿಗೆ ಎಲ್ಲ ಅರ್ಥವಾಯಿತು. ನನ್ನ ಭುಜದ ಮೇಲೆ ಕೈಯಿಟ್ಟ. ಕೋಟಯ್ಯ ಗಾರು ಹುಬ್ಬು ಗಂಟಿಕ್ಕಿ ಅಪ್ಪನನ್ನೇ ಕೇಳಿದರು:

“ಇಂಜಿನ್ ತಿರುಗಿಸಲಿಲ್ಲ ತಾನೇ?”

“ಲೇದು,” ಎಂದು ಅಪ್ಪ ಇಲ್ಲವೆಂಬಂತೆ ತಲೆಯಾಡಿಸಿದ.

“ಹಾಗಾದರೆ ಏನೂ ಹಾಳಾಗಿಲ್ಲ.”

ಅಷ್ಟು ಹೇಳಿ ಮಂಚದ ಮೇಲೆ ಕುಳಿತರು. ಕುಳಿತ ಮೇಲೆ ಆ ಮಾತು ಅವರೊಳಗೆ ಇಳಿದಿರಬೇಕು. ಒಳಗಿದ್ದ ಹೆಂಡತಿಯನ್ನು ಜೋರಾಗಿ ಕೂಗಿ, “ಏಯ್, ಕೇಳಿದೆಯಾ? ನಾನು ಬೀಳಿಸಿಲ್ಲವಂತೆ! ನಾನಲ್ಲವಂತೆ!” ಎಂದರು. ಆ ತಾಯಿ ನೀರಿನ ಚೊಂಬು ಹಿಡಿದು ಹೊರಗೆ ಬಂದರು. ನಿನ್ನೆ ಕೋಟಯ್ಯ ಗಾರು ಮನೆಗೆ ಬಂದವರೇ ಅಂಗಿಯ ಜೇಬು, ಚೀಲ, ಪಂಚೆಯ ಮಡಿಕೆ ಎಲ್ಲ ಕೊಡವಿದರಂತೆ. ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋಗಿ, ತಾವು ಕುಳಿತಿದ್ದ ಬಸ್ಸನ್ನು ಹುಡುಕಿ, ಸೀಟಿನ ಕೆಳಗೂ ನೋಡಿ ಬಂದರಂತೆ. ಸರಿಯಾಗಿ ಊಟ ಮಾಡಿರಲಿಲ್ಲ.

“ಸಾರ್ ಹೇಳಿದ್ದು ಸುಳ್ಳಲ್ಲ,” ಎಂದರು ಕೋಟಯ್ಯ ಗಾರು, ನನ್ನನ್ನು ನೋಡುತ್ತ. “ಕೈ ನಡುಗುತ್ತದೆ. ವರ್ಷವಾಯಿತು. ಆದರೂ ಇದುವರೆಗೆ ಏನನ್ನೂ ಬೀಳಿಸಿರಲಿಲ್ಲ ಅಮ್ಮಾ. ನಿನ್ನೆಯಿಂದ ಅದೂ ಶುರುವಾಯಿತು ಅಂದುಕೊಂಡೆ. ಇನ್ನು ಸ್ಪ್ಯಾನರ್ ಮುಟ್ಟಬಾರದು ಅಂತ ಚೀಲ ಅಟ್ಟಕ್ಕೆ ಹಾಕಿದೆ.”

ನಾನು ಜೋರಾಗಿ ಅತ್ತೆ. ಒಂದು ಲಾಕನ್ನಲ್ಲ, ಒಬ್ಬ ಮನುಷ್ಯನ ಕೈಗಳನ್ನೇ ಒಂದಿಡೀ ದಿನ ಬಚ್ಚಿಟ್ಟಿದ್ದೆ ಎಂದು ಆಗ ತಿಳಿಯಿತು. ಅವರು ಹೋಳಿಗೆಯ ಡಬ್ಬಿ ತೆರೆದು ತಿನ್ನತೊಡಗಿದರು. ಮೂರನೆಯದಕ್ಕೆ ತುಪ್ಪ ಕೇಳಿದರು.

ಭಾನುವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಬಂದರು. ಅಪ್ಪನೂ ಅವರೂ ಸೇರಿ ಇಂಜಿನ್ನನ್ನು ಎತ್ತಿ, ಅವ್ವ ಹಾಸಿದ ಬಿಳಿ ಪಂಚೆಯೊಂದರ ಮೇಲೆ ಮೆಲ್ಲಗೆ ಬೋರಲು ಮಾಡಿದರು. ಮೊದಲು ಹಳದಿ ಅಕ್ಕಿಕಾಳು ನಾಲ್ಕೈದು ಉದುರಿದವು. ಎರಡು ಸಲ ತಟ್ಟಿದ ಮೇಲೆ ಲಾಕು. ಅದನ್ನು ತೊಳೆದು ನನ್ನ ಕೈಗೆ ಕೊಟ್ಟರು, ಜೊತೆಗೆ ಇನ್ನೊಂದನ್ನೂ. ಅವ್ವ ಹೊಸ ಬಟ್ಟೆ ತಂದು ತಾನೇ ಬಾಯಿಗೆ ತುರುಕಿದಳು. ಬಿಸಿ ಪಿಸ್ಟನ್ನನ್ನು ಅಪ್ಪ ಟವೆಲಿನಲ್ಲಿ ಹಿಡಿದು ರಾಡಿಗೆ ಹೊಂದಿಸಿದ. ಕೋಟಯ್ಯ ಗಾರು ಪಿನ್ನಿಗೆ ಎಣ್ಣೆ ಸವರಿ ಹೆಬ್ಬೆರಳಿಂದ ಒತ್ತಿದರು, ಅದು ಬೆಣ್ಣೆಯಲ್ಲಿ ಇಳಿದಂತೆ ಹೋಯಿತು. ಅಪ್ಪ, “ಲಾಕು ನಾನು ಹಾಕಲಾ?” ಎಂದು ಕೇಳಲು ಹೊರಟು ಬಾಯಿ ಮುಚ್ಚಿಕೊಂಡ. ನಾನು ಕೊಟ್ಟ ಮೊದಲನೆಯ ಲಾಕಿಗೆ ಕೋಟಯ್ಯ ಗಾರುಗೆ ತುಂಬ ಹೊತ್ತು ಹಿಡಿಯಿತು. ಇಕ್ಕಳದ ತುದಿ ಎರಡು ಸಲ ತಪ್ಪಿತು, ಮೂರನೆಯ ಸಲಕ್ಕೆ ಲಾಕು ಟಕ್ಕೆಂದು ತನ್ನ ಕಚ್ಚಿನೊಳಗೆ ಕುಳಿತಿತು. ಉಗುರಿನಿಂದ ತಿರುಗಿಸಿ ಕೂತಿದೆಯೆಂದು ಖಾತ್ರಿ ಮಾಡಿಕೊಂಡು, ಪಿಸ್ಟನ್ನಿನ ಇನ್ನೊಂದು ಬದಿಗೆ ಸರಿದು ಕುಳಿತರು. ಆಮೇಲೆ ತಲೆ ಎತ್ತದೆ ನನ್ನ ಕಡೆ ಅಂಗೈ ಚಾಚಿದರು.

“ಇನ್ನೊಂದು ಕೊಡು ಗಂಗಮ್ಮಾ.”

ಅವರ ಅಂಗೈ ನಡುಗುತ್ತಿತ್ತು. ನಾನು ಲಾಕನ್ನು ಅದರ ನಡುವೆ ಇಟ್ಟು, ಅವರು ಮುಷ್ಟಿ ಮುಚ್ಚುವವರೆಗೆ ನನ್ನ ಕೈಯನ್ನು ಅದರ ಕೆಳಗೇ ಹಿಡಿದಿದ್ದೆ.